ಹಿಮ್ಮಡಿ ನೋವು ಎಂದರೆ ಮಾತ್ರೆ ನಿಲ್ಲಿಸಿ

ಸರ್ಕಾರಿ ಆರೋಗ್ಯ ಕೇಂದ್ರಗಳ ಔಷಧಿ ಕಿಟಕಿಯ ಒಳಗೆ ಮೂವತ್ತೊಂದು ವರ್ಷ ನಿಂತವನು ನಾನು. ನಿಂತವನು ಎಂದೇ ಬರೆಯಬೇಕು. ಕುರ್ಚಿ ಕೊಟ್ಟಿದ್ದರು, ಕೂರಲು ಆಗುತ್ತಿರಲಿಲ್ಲ. ಈಗ ಫಾರ್ಮಸಿ ಓದಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನಗಿಂತ ಹೆಚ್ಚು ಬಲ್ಲವರು. ಯಾವ ಮಾತ್ರೆ ಯಾವುದರ ಜೊತೆ ಸೇರಬಾರದು ಎಂಬುದನ್ನು ಫೋನಿನಲ್ಲೇ ತೆಗೆದು ತೋರಿಸುತ್ತಾರೆ. ಅವರಿಗೆ ಹೇಳಿಕೊಡುವ ವಿದ್ಯೆ ನನ್ನಲ್ಲಿಲ್ಲ. ಆದರೆ ತಿಳಿದದ್ದನ್ನು ಕಿಟಕಿಯ ಆಚೆ ನಿಂತವರಿಗೆ ಹೇಳದೆ ನುಂಗಿಕೊಂಡರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಅದನ್ನಷ್ಟು ಬರೆದಿಡುತ್ತೇನೆ. ಜನರ ಹೆಸರು ಬದಲಿಸಿದ್ದೇನೆ, ನಾನು ಕೆಲಸ ಮಾಡಿದ ಊರುಗಳ ಹೆಸರು ಬಿಟ್ಟಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಕೇಂದ್ರದಲ್ಲಿ. ನಾಲ್ಕು ಹೆಜ್ಜೆ ಹಾಕಿದರೆ ಆಂಧ್ರ. ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಮನೆಗಳಿಂದ ರೇಷ್ಮೆ ಮಗ್ಗದ ಸದ್ದು. ರೋಗಿಗಳು ಅರ್ಧ ಕನ್ನಡದಲ್ಲಿ ಶುರು ಮಾಡಿ ಅರ್ಧ ತೆಲುಗಿನಲ್ಲಿ ಮುಗಿಸುತ್ತಿದ್ದರು. "ಸಾರೂ, ನಿನ್ನೆಯಿಂದ ಕಡುಪು ನೊಪ್ಪಿ ಐತೆ" ಎಂದರೆ ಹೊಟ್ಟೆನೋವು ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ವೈದ್ಯಾಧಿಕಾರಿ ಒಬ್ಬರೇ. ಎರಡು ಕೇಂದ್ರಗಳ ಹೊರೆ ಅವರ ಮೇಲಿತ್ತು, ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದರು. ಅವರನ್ನು ಇಲ್ಲಿ ದೊಡ್ಡ ಡಾಕ್ಟರು ಎಂದು ಕರೆಯುತ್ತೇನೆ. ಅವರಿಲ್ಲದ ದಿನ ಜನ ನನ್ನನ್ನೇ "ಡಾಕ್ಟ್ರೇ" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಕೇಳಲು ಹಿತವಾಗಿತ್ತು.

ಆಗ ನಮ್ಮ ಮಾತ್ರೆಗಳು ಸಾವಿರದ ಡಬ್ಬಿಗಳಲ್ಲಿ ಬರುತ್ತಿದ್ದವು. ಎಣಿಸಿ ಕಾಗದದಲ್ಲಿ ಕಟ್ಟಿ ಕೊಡಬೇಕು. ಓದಲು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆಯುತ್ತಿದ್ದೆ. ಬೆಳಗ್ಗೆ ಒಂದು, ರಾತ್ರಿ ಒಂದು. ಕಾಗದಕ್ಕೆ ಸದಾ ಬರ. ಆಮೇಲೆ ಹೊಸ ಮಾತ್ರೆಗಳು ಸ್ಟ್ರಿಪ್ ಎನ್ನುವ ಪಟ್ಟಿಗಳಲ್ಲಿ ಬರತೊಡಗಿದವು. ಪ್ರತಿ ಪೆಟ್ಟಿಗೆಯಲ್ಲೂ ಒಂದು ತೆಳ್ಳನೆಯ ಬಿಳಿ ಕಾಗದ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅದನ್ನು ಓದುವ ಬದಲು ನಾಲ್ಕಾಗಿ ಕತ್ತರಿಸಿ ಪೊಟ್ಟಣಕ್ಕೆ ಬಳಸುತ್ತಿದ್ದೆ. ಎಚ್ಚರಿಕೆಯ ಮಾತಿನಲ್ಲೇ ಮಾತ್ರೆ ಸುತ್ತಿ ಕೊಡುತ್ತಿದ್ದೇನೆ ಎಂದು ನನಗೆ ಹೊಳೆಯಲಿಲ್ಲ.

ಹೊಸದಾಗಿ ಬಂದವುಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್ ಒಂದು. ಊರಿನವರ ಬಾಯಲ್ಲಿ ಸಿಪ್ರೊ. ಅದು ಬರುವ ಮುಂಚೆ ಟೈಫಾಯ್ಡ್ ಎಂದರೆ ಮೂರು ವಾರ ಚಾಪೆ ಹಿಡಿಯುವ ಕಾಯಿಲೆ. ಕೂದಲು ಉದುರಿ, ಮೂಳೆ ಎದ್ದು, ಮನುಷ್ಯ ಗುರುತು ಸಿಗದಂತಾಗುತ್ತಿದ್ದ. ಸಿಪ್ರೊ ಕೊಟ್ಟರೆ ನಾಲ್ಕೈದನೇ ದಿನ ಜ್ವರ ಇಳಿಯುತ್ತಿತ್ತು. ಸಾಯುತ್ತಾಳೆಂದು ಮನೆಯವರು ಹೆಣಕ್ಕೆ ಹೊದಿಸುವ ಬಟ್ಟೆ ತಂದಿಟ್ಟಿದ್ದ ಒಬ್ಬ ಹೆಂಗಸು ವಾರದಲ್ಲಿ ಎದ್ದು ನೀರು ತರಲು ಹೋದದ್ದನ್ನು ನಾನೇ ನೋಡಿದ್ದೇನೆ. ಆ ಮಾತ್ರೆಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾವು ಮಾಡಿದ್ದು ಬೇರೆ. ಉರಿಮೂತ್ರಕ್ಕೆ ಕೊಟ್ಟೆವು, ಭೇದಿಗೆ ಕೊಟ್ಟೆವು, ಕಿವಿ ಸೋರಿದರೆ ಕೊಟ್ಟೆವು. ಕೊನೆಗೆ ಕೆಮ್ಮು ನೆಗಡಿಗೂ ಜನರೇ ಕೇಳತೊಡಗಿದರು, ನಾವು ಅದಕ್ಕೂ ಕೊಟ್ಟೆವು.

ನಾಗಭೂಷಣಪ್ಪ ನೇಯುವವರು. ಅರವತ್ತರ ಹತ್ತಿರದ ವಯಸ್ಸು, ಸಣಕಲು ಮೈ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ಅವರಿಗೆ ಮೊದಲಿನಿಂದಲೂ ಉಬ್ಬಸ. ಅದಕ್ಕೆ ದೊಡ್ಡ ಡಾಕ್ಟರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆಯುತ್ತಿದ್ದರು, ಇವರು ತಿಂಗಳುಗಟ್ಟಲೆ ನುಂಗುತ್ತಿದ್ದರು. ಒಂದು ಸಲ ಉರಿಮೂತ್ರ, ಚಳಿಜ್ವರ ಎಂದು ಬಂದರು. ಡಾಕ್ಟರು ಸಿಪ್ರೊ ಬರೆದರು, ಹತ್ತು ದಿನಕ್ಕೆ. ಉಬ್ಬಸದ ಮಾತ್ರೆಯೂ ಮುಂದುವರಿಯಲಿ ಎಂದರು. ಎರಡನ್ನೂ ನಾನೇ ಕಟ್ಟಿ ಕೊಟ್ಟೆ.

ಜ್ವರ ಬೇಗ ಬಿಟ್ಟಿತು. ಏಳೆಂಟು ದಿನ ಕಳೆದ ಮೇಲೆ ನಾಗಭೂಷಣಪ್ಪ ಕುಂಟುತ್ತ ಕಿಟಕಿಗೆ ಬಂದರು. ಡಾಕ್ಟರು ಇರಲಿಲ್ಲ.

"ಸಾರೂ, ಹಿಮ್ಮಡಿ ಮೇಲೆ ಹಿಡ್ಕೊಂಡೈತೆ. ಎರಡೂ ಕಾಲು. ಬೆಳಿಗ್ಗೆ ಎದ್ರೆ ನೆಲಕ್ಕೆ ಕಾಲಿಡಕ್ಕಾಗಲ್ಲ."

"ವಯಸ್ಸಾಯ್ತಲ್ಲ ನಾಗಭೂಷಣಪ್ಪನೋರೆ. ದಿನವೆಲ್ಲ ಮಗ್ಗ ತುಳಿದ್ರೆ ಕಾಲು ನೋಯದೆ ಇರ್ತದಾ?"

"ನಲವತ್ತು ವರ್ಷದಿಂದ ತುಳೀತಿದೀನಲ್ಲ ಸಾರೂ, ಈಗ್ಯಾಕೆ?"

ಆ ಪ್ರಶ್ನೆಗೆ ನಾನು ಅಲ್ಲೇ ನಿಲ್ಲಬೇಕಿತ್ತು. ಅವರ ಹಿಂದೆ ಇಪ್ಪತ್ತು ಜನ ನಿಂತಿದ್ದರು. ನೋವಿನ ಮಾತ್ರೆ ಕೊಟ್ಟೆ, ಹಚ್ಚಲು ಮುಲಾಮು ಕೊಟ್ಟೆ. ಮೂತ್ರದ ಉರಿ ಪೂರ್ತಿ ಹೋಗಿಲ್ಲ ಎಂದದ್ದಕ್ಕೆ, ಡಾಕ್ಟರನ್ನೂ ಕೇಳದೆ, ಸಿಪ್ರೊವನ್ನು ಇನ್ನೈದು ದಿನಕ್ಕೆ ಸೇರಿಸಿ ಕಟ್ಟಿದೆ. ಹೆಚ್ಚಿಗೆ ಕೊಟ್ಟದ್ದಕ್ಕೆ ಅವರು ಕೈ ಮುಗಿದು ಹೋದರು.

ನಾಲ್ಕನೇ ದಿನ ಬೆಳಿಗ್ಗೆ ಅವರ ಮನೆಯಿಂದ ಕರೆ ಬಂತು. ಹೋದೆ. ನಾಗಭೂಷಣಪ್ಪನನ್ನು ಮಗ್ಗದ ಗುಂಡಿಯಿಂದ ಎತ್ತಿ ಪಕ್ಕದಲ್ಲಿ ಮಲಗಿಸಿದ್ದರು. ಮಗ್ಗದ ಮೇಲೆ ಕೆಂಪು ಸೀರೆ ಹಾಗೇ ಇತ್ತು. ಬಲಗಾಲಿನ ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಒಳಕ್ಕೆ ಹಳ್ಳ ಸಿಕ್ಕಿತು. ಅಲ್ಲಿ ಇರಬೇಕಾದ ಹುರಿಯಂಥ ನರ ಇರಲಿಲ್ಲ.

"ಟಪ್ ಅಂತ ಸದ್ದಾತು ಸಾರ್" ಎಂದರು ಅವರ ಹೆಂಡತಿ ರತ್ನಮ್ಮ. "ಅಡಿಗೆ ಮನೇಲಿದ್ದೆ. ಮಗ್ಗದ ಹಗ್ಗ ಕಿತ್ತೋತು ಅಂದ್ಕೊಂಡೆ."

ನಾಗಭೂಷಣಪ್ಪ ಗೋಡೆಯನ್ನೇ ನೋಡುತ್ತಿದ್ದರು. "ಯಾರೋ ಹಿಂದಿನಿಂದ ಒದ್ದಂಗಾತು. ಜೋರಾಗಿ. ತಿರುಗಿ ನೋಡಿದೆ. ಗುಂಡಿಯೊಳಗೆ ಯಾರಿರ್ತಾರೆ?"

ನೆರೆಮನೆಯ ಮುದುಕಿ ಬಾಗಿಲಲ್ಲಿ ನಿಂತು, "ಅಮಾಸೆ ದಿನ ಮಗ್ಗಕ್ಕೆ ಕಾಲಿಟ್ರೆ ಇನ್ನೇನಾಗ್ತದೆ" ಎಂದಳು. ಅವತ್ತು ಅಮಾವಾಸ್ಯೆ. ನೇಯುವವರ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಆದರೆ ಮದುವೆಯ ಸೀರೆ, ಎರಡು ಮೊಳ ಉಳಿದಿತ್ತು. ಕಾಲು ನೋಯುತ್ತದೆ, ಇವತ್ತು ಹೇಗೂ ರಜೆ ಎಂದು ಮಲಗಿದ್ದ ಗಂಡನನ್ನು ರತ್ನಮ್ಮನೇ ಎಬ್ಬಿಸಿದ್ದರು. ಲಗ್ನದವರು ಕಾಯುತ್ತಾರೆ, ಮುಗಿಸಿಬಿಡ್ರಿ ಎಂದಿದ್ದರು.

ಮರುದಿನ ದೊಡ್ಡ ಡಾಕ್ಟರು ಬಂದು ನಾಗಭೂಷಣಪ್ಪನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಎಡಗಾಲಿನ ಪಾದ ಅಲ್ಲಾಡಿತು. ಬಲಗಾಲಿನದು ಸುಮ್ಮನೆ ಬಿದ್ದಿತ್ತು. ಹುರಿ ಹರಿದಿದೆ ಎಂದು ಚಿತ್ರದುರ್ಗದ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ, ಉಬ್ಬಸ ಇದೆ, ಸ್ಟೀರಾಯ್ಡ್ ತಿಂದ ಮೈ, ಕುಯ್ದರೆ ಗಾಯ ಮಾಯುವುದು ಕಷ್ಟ ಎಂದು ಪ್ಲಾಸ್ಟರ್ ಹಾಕಿ ಕಳಿಸಿದರು. ತಿಂಗಳುಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಒಣಗಿ ಕೋಲಾಗಿತ್ತು. ನಡೆಯಬಲ್ಲರು, ಎಳೆದುಕೊಂಡು. ಮಗ್ಗದ ಹಲಗೆಯನ್ನು ಒತ್ತಿ ತುಳಿಯುವ ಬಲ ಆ ಪಾದಕ್ಕೆ ಮತ್ತೆ ಬರಲಿಲ್ಲ.

ಹೊಸ ಸರಕು ಬಂದ ದಿನ ಮಳೆ ಹಿಡಿದಿತ್ತು, ಕಿಟಕಿಗೆ ಜನರಿರಲಿಲ್ಲ. ಸಿಪ್ರೊ ಪೆಟ್ಟಿಗೆಯ ಕಾಗದವನ್ನು ಮಡಿಸಿ ಕತ್ತರಿಸಲು ಹೊರಟವನು ಹೊತ್ತು ಹೋಗಲೆಂದು ಓದಿದೆ. ಹಿಂಬದಿಯಲ್ಲಿ, ಕೊನೆಯ ಭಾಗದಲ್ಲಿ, ಒಂದು ಸಾಲು. ಈ ವರ್ಗದ ಔಷಧಿಗಳಿಂದ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು ಊದಿಕೊಳ್ಳಬಹುದು, ಹರಿಯಬಹುದು. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅಪಾಯ ಹೆಚ್ಚು. ನೋವು ಕಂಡ ಕೂಡಲೇ ಮಾತ್ರೆ ನಿಲ್ಲಿಸಬೇಕು. ಮೂರು ಸಲ ಓದಿದೆ. ನೋವು ಕಂಡ ಕೂಡಲೇ ಅವರು ನನ್ನ ಹತ್ತಿರವೇ ಬಂದಿದ್ದರು. ನಿಲ್ಲಿಸುವ ಬದಲು ನಾನು ಐದು ದಿನ ಸೇರಿಸಿದ್ದೆ.

ಕಾಗದವನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ ಸಾರ್."

"ತೋರಿಸಬೇಡ. ಬರೆದವನು ನಾನು, ಹೆಚ್ಚಿಗೆ ಕೊಟ್ಟವನು ನೀನು."

"ನಾಗಭೂಷಣಪ್ಪನಿಗೆ ಒಂದು ಮಾತು ಹೇಳಬೇಕಲ್ವಾ ಸಾರ್? ಮನೇಲಿ ಅಮಾವಾಸ್ಯೆ ದೋಷ ಅಂತ ಕೂತಿದ್ದಾರೆ."

"ಹೇಳಿದ್ರೆ ನರ ಕೂಡಿಕೊಳ್ತದಾ? ನಾಳೆಯಿಂದ ಊರಲ್ಲಿ ಒಬ್ಬರೂ ಈ ಮಾತ್ರೆ ನುಂಗಲ್ಲ. ಟೈಫಾಯ್ಡ್ ಬಂದು ಸತ್ರೆ ಆವಾಗ ಯಾರು ಉತ್ತರ ಹೇಳೋದು? ಹೋಗು, ಕೆಲಸ ನೋಡು."

ಅವರು ಕೆಟ್ಟವರಲ್ಲ. ಆ ದಿನದಿಂದ ಆ ಎರಡು ಮಾತ್ರೆಗಳನ್ನು ಅವರು ಒಂದೇ ಚೀಟಿಯಲ್ಲಿ ಬರೆದದ್ದನ್ನು ನಾನು ನೋಡಲಿಲ್ಲ. ವಯಸ್ಸಾದವರಿಗೆ ಬೇರೆ ಔಷಧಿ ಹುಡುಕುತ್ತಿದ್ದರು. ತಿದ್ದಿಕೊಂಡರು, ಆದರೆ ಒಪ್ಪಿಕೊಳ್ಳಲಿಲ್ಲ. ನಾನೂ ಅಷ್ಟೇ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು, ಆ ಅರ್ಧ ನನಗೆ ಆಸರೆಯಾಯಿತು.

ರತ್ನಮ್ಮ ತಿಂಗಳಿಗೊಮ್ಮೆ ಗಂಡನ ಉಬ್ಬಸದ ಮಾತ್ರೆಗೆ ಬರುತ್ತಿದ್ದರು. ಒಂದು ದಿನ ಬರಿಗಾಲಿನಲ್ಲಿ ಬಂದರು. ಬೇಸಿಗೆ, ನೆಲ ಸುಡುತ್ತಿತ್ತು. ಚಪ್ಪಲಿ ಕಿತ್ತುಹೋಯಿತಾ ಎಂದು ಕೇಳಿದೆ.

"ಇಲ್ಲ ಸಾರ್. ಬಿಟ್ಟಿದೀನಿ. ಅವರ ಕಾಲು ಸರಿಯಾಗೋವರೆಗೂ ಹಾಕಲ್ಲ ಅಂತ ಹರಕೆ." ಚೀಟಿ ಕೊಡುತ್ತ ಹೇಳಿದರು, "ನಾನೇ ಎಬ್ಬಿಸಿದ್ದು ಸಾರ್. ಮಲಗಿದ್ರು. ನನ್ನ ಬಾಯಿಂದಲೇ ಬಂತು ಆ ಮಾತು."

ಆ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಪೊಟ್ಟಣದ ಮೇಲೆ ಸೂರ್ಯ ಬರೆದು, ಅವರ ಅಂಗೈಯಲ್ಲಿಟ್ಟು, ಮುಂದಿನವರ ಚೀಟಿ ತೆಗೆದುಕೊಂಡೆ.

ಆ ವರ್ಷವೇ ಅವರ ಮಗ್ಗ ಬಿಚ್ಚಿದರು. ಗುಂಡಿಗೆ ಮಣ್ಣು ತುಂಬಿಸಿ ಸಾರಿಸಿಬಿಟ್ಟರಂತೆ. ರತ್ನಮ್ಮ ಬೇರೆಯವರ ಮನೆಗಳಿಗೆ ನೂಲು ಸುತ್ತಲು ಹೋಗತೊಡಗಿದರು. ನಾನು ವರ್ಗಾವಣೆಗೆ ಬರೆದುಕೊಂಡೆ. ಕಾರಣದ ಜಾಗದಲ್ಲಿ ತಾಯಿಗೆ ಅನಾರೋಗ್ಯ ಎಂದು ಹಾಕಿದೆ. ನನ್ನ ಅವ್ವ ಗಟ್ಟಿಮುಟ್ಟಾಗಿದ್ದಳು.

ಚಳ್ಳಕೆರೆ ತಾಲ್ಲೂಕಿನ ಹೊಸ ಕೇಂದ್ರದಲ್ಲಿ ಹಲವು ವರ್ಷ ಶಾಂತವಾಗಿ ಕಳೆದವು. ಪೊಟ್ಟಣ ಕಟ್ಟುವ ಕಾಲ ಹೋಗಿ ಎಲ್ಲವೂ ಪಟ್ಟಿಯಲ್ಲೇ ಬರತೊಡಗಿತ್ತು. ಕಾಗದಗಳನ್ನು ಈಗ ಓದುತ್ತಿದ್ದೆ, ಒಂದು ಫೈಲಿನಲ್ಲಿ ಇಡುತ್ತಿದ್ದೆ. ಸಿಪ್ರೊದ ಒಡಹುಟ್ಟಿದವು ಒಂದೊಂದಾಗಿ ಅಂಗಡಿಗೆ ಬಂದವು. ಎಲ್ಲದರ ಹೆಸರಿನ ಬಾಲವೂ ಒಂದೇ, ಫ್ಲಾಕ್ಸಾಸಿನ್. ಅವುಗಳಲ್ಲಿ ಒಂದು ಗ್ಯಾಟಿಫ್ಲಾಕ್ಸಾಸಿನ್. ಸಕ್ಕರೆ ಕಾಯಿಲೆಯವರಿಗೆ ಅದನ್ನು ಕೊಟ್ಟರೆ ರಕ್ತದ ಸಕ್ಕರೆ ಅಪಾಯಕ್ಕೆ ಏರಬಹುದು, ಇಲ್ಲವೇ ಇಳಿಯಬಹುದು ಎಂದು ಅದರ ಕಾಗದದಲ್ಲಿತ್ತು. ಓದಿದ್ದೆ.

ಕುದಾಪುರದ ಕಾವಲಿನ ಅಂಚಿನ ಹಟ್ಟಿಯಿಂದ ಪಾಲಯ್ಯ ಎಂಬ ಮುದುಕ ಸಕ್ಕರೆ ಮಾತ್ರೆಗೆ ನಮ್ಮಲ್ಲಿಗೆ ಬರುತ್ತಿದ್ದ. ಆ ಕಾವಲು ಆಗಿನ್ನೂ ಕುರಿ ಮೇಯುವ ಹುಲ್ಲುಬಯಲು; ಬೇಲಿ, ಕಾಂಪೌಂಡು ಬಂದದ್ದು ಆಮೇಲೆ. ಅವನ ಹೆಂಡತಿ, ಮಗ ತೀರಿಕೊಂಡಿದ್ದರು. ಸೊಸೆ ಓಬಮ್ಮ, ಅವನು, ಕುರಿಗಳು. ಕುರಿಯ ಮುಖ ನೋಡಿ ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂದು ಹೇಳುತ್ತಿದ್ದ. ಬೇರೆ ಹಟ್ಟಿಯ ಹಿಂಡು ಬೆರೆತರೆ ಜನ ಅವನನ್ನೇ ಕರೆಯುತ್ತಿದ್ದರು.

ಆ ದಿನ ಕೆಮ್ಮುತ್ತ ಬಂದ. ಸಕ್ಕರೆ ಮಾತ್ರೆಗೆಂದು ಸೊಂಟದ ಚೀಲ ಬಿಚ್ಚಿ ಚೀಟಿ ತೆಗೆಯುವಾಗ ಒಂದು ಹೊಸ ಪಟ್ಟಿ ಕೆಳಗೆ ಬಿತ್ತು. ಅಕ್ಷರ ನೋಡಿದೆ. ಗ್ಯಾಟಿಫ್ಲಾಕ್ಸಾಸಿನ್.

"ಇದೆಲ್ಲಿಂದು ತಾತ?"

"ಪೇಟೇಲಿ ಒಬ್ಬ ಡಾಕ್ಟ್ರು ಕೊಟ್ರು ಸಾಮಿ, ಕೆಮ್ಮಿಗೆ. ಇವತ್ತಿಂದ ನುಂಗು ಅಂದ್ರು."

"ಸಕ್ಕರೆ ಐತೆ ಅಂತ ಅವರಿಗೆ ಹೇಳಿದ್ಯಾ?"

"ಕೇಳಲಿಲ್ಲ."

ಇನ್ನೊಬ್ಬ ಡಾಕ್ಟರು ಬರೆದ ಮಾತ್ರೆಯನ್ನು ನಾನು ಬೇಡ ಎನ್ನುವುದು ಹೇಗೆ? ಎಂದರೆ ನಾಳೆ ಅವರು ಜಗಳಕ್ಕೆ ಬರುತ್ತಾರೆ. ನಮ್ಮ ಕೇಂದ್ರದ ಡಾಕ್ಟರು ಆಗ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳಗೆ ರೋಗಿ ನೋಡುತ್ತಿದ್ದರು. ಹೋಗಿ ಕೇಳಲು ಹತ್ತು ಹೆಜ್ಜೆ. ಸಾಲು ಉದ್ದವಿತ್ತು. "ಹೊತ್ತು ಹೊತ್ತಿಗೆ ಉಣ್ಣು ತಾತ, ಊಟ ಬಿಡಬೇಡ" ಎಂದೆ. ಅಷ್ಟು ಹೇಳಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರನೇ ದಿನ ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಅವನನ್ನು ತಂದರು. ಹಿಂದಿನ ಸಂಜೆ ಕುರಿಗಳು ತಾವಾಗಿಯೇ ಹಟ್ಟಿಗೆ ಬಂದಿದ್ದವು, ಪಾಲಯ್ಯ ಬಂದಿರಲಿಲ್ಲ. ಹುಡುಕಿದಾಗ ಬೆಳಗಾದ ಮೇಲೆ ಕಾವಲಿನ ಹುಲ್ಲಿನಲ್ಲಿ ಬಿದ್ದಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಅರ್ಥವಿಲ್ಲದ ಮಾತು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿ, ಬೇವಿನ ಸೊಪ್ಪಿನಲ್ಲಿ ಬಡಿಸಿ, ಮಾತು ಪೂರ್ತಿ ನಿಂತ ಮೇಲೆ ನಮ್ಮಲ್ಲಿಗೆ ತಂದಿದ್ದರು. ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. ಸಕ್ಕರೆ ತಳ ಕಂಡಿತ್ತು. ಗ್ಲೂಕೋಸ್ ಹಾಕಿದರು. ಕಣ್ಣು ಬಿಟ್ಟ. ಮತ್ತೆ ಮುಚ್ಚಿದ. ದುರ್ಗಕ್ಕೆ ಕಳಿಸಿದೆವು.

ಬದುಕಿ ಬಂದ. ಆದರೆ ಅಷ್ಟು ಹೊತ್ತು ಸಕ್ಕರೆ ಇಲ್ಲದೆ ಉಳಿದ ಮಿದುಳು ಮೊದಲಿನಂತಾಗಲಿಲ್ಲ. ವಿಷಯ ತಿಳಿದು ಹಟ್ಟಿಗೆ ಹೋದೆ. ಪಾಲಯ್ಯ ಕುರಿ ರೊಪ್ಪದ ಮುಂದೆ ಕೂತಿದ್ದ. ಒಂದು ಕುರಿಮರಿ ಅವನ ಕೈ ನೆಕ್ಕುತ್ತಿತ್ತು. ಅದನ್ನು ನೋಡಿ, "ಯಾರದಿದು?" ಎಂದು ನನ್ನನ್ನು ಕೇಳಿದ.

ಓಬಮ್ಮ ಒಳಗಿನಿಂದ ಬಂದು, "ಇನ್ನೂ ಗಾಳಿ ಬಿಟ್ಟಿಲ್ಲ ಸಾಮಿ" ಎಂದಳು.

"ಗಾಳಿ ಅಲ್ಲಮ್ಮ. ಎರಡು ಮಾತ್ರೆ ಒಂದಕ್ಕೊಂದು ಆಗಿಬರಲಿಲ್ಲ. ಅದರಿಂದ ಸಕ್ಕರೆ ಇಳಿದುಹೋತು. ಆ ಪಟ್ಟಿ ನಾನು ಅವತ್ತೇ ನೋಡಿದ್ದೆ. ಬೇಡ ಅಂತ ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ.

"ನೋಡಿದ್ರಾ?" ಎಂದಳು. "ನೋಡಿ ಸುಮ್ಕಿದ್ರಾ?"

ಮರಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ನನ್ನ ಫೈಲನ್ನು ಡಾಕ್ಟರಮ್ಮನ ಮುಂದಿಟ್ಟು ಎಲ್ಲವನ್ನೂ ಹೇಳಿದೆ, ಮೊಳಕಾಲ್ಮೂರಿನದನ್ನೂ ಸೇರಿಸಿ. ಅವರು ಬೈಯಲಿಲ್ಲ. ಪೇಟೆಯ ಡಾಕ್ಟರಿಗೆ ತಾವೇ ಫೋನು ಮಾಡಿ ಹೇಳಿದರು, ಮೇಲಿನ ಕಚೇರಿಗೂ ಬರೆದರು. ಮುಂದೊಂದು ದಿನ ಆ ಮಾತ್ರೆಯನ್ನು ದೇಶದಲ್ಲೇ ನಿಲ್ಲಿಸಿದರು. ನಮ್ಮ ಕಾಗದದಿಂದ ಅಲ್ಲ, ಇಂಥದ್ದು ಎಲ್ಲೆಲ್ಲೂ ಆಗಿರಬೇಕು. ನನಗೆ ಅವರು ಹೇಳಿದ್ದು ಒಂದೇ. "ಇನ್ನು ಮೇಲೆ ನನ್ನ ಚೀಟಿಯಲ್ಲೇ ತಪ್ಪು ಕಂಡರೂ ನೇರ ಒಳಗೆ ಬನ್ನಿ. ರೋಗಿ ಎದುರಿಗಿದ್ದರೂ ಪರವಾಗಿಲ್ಲ."

ಆಮೇಲೆ ಈ ಗುಂಪಿನ ಯಾವ ಪಟ್ಟಿ ಕೊಟ್ಟರೂ ಅದರ ಜೊತೆ ಒಂದು ಚೀಟಿ ಕೊಡುತ್ತಿದ್ದೆ. ಹಿಮ್ಮಡಿ ನೋವು, ಕೈಕಾಲು ಉರಿ, ಜೋಮು, ತಲೆ ಗೊಂದಲ, ಎದೆ ಡವಡವ ಬಂದರೆ ಮಾತ್ರೆ ನಿಲ್ಲಿಸಿ, ತಕ್ಷಣ ಬಂದು ಹೇಳಿ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದು. ಬಾಯಲ್ಲೂ ಹೇಳುತ್ತಿದ್ದೆ. ಹೆದರಿ ಬಿಟ್ಟುಹೋದವರು ಇದ್ದಾರೆ. ಒಬ್ಬಾಕೆಯ ಮನೆಗೆ ಹೋಗಿ ಒಪ್ಪಿಸಿ ನುಂಗಿಸಿದ್ದೇನೆ. ಒಬ್ಬ ಬಸ್ ಕಂಡಕ್ಟರ್ ಐದನೇ ದಿನ ಕುಂಟುತ್ತ ಬಂದು, "ನೀವು ಹೇಳಿದ್ದು ಬಂತು ನೋಡ್ರಿ" ಎಂದು ರೇಗಿದ. ನಿಲ್ಲಿಸಿ ಬೇರೆ ಕೊಡಿಸಿದೆವು. ಗುಣವಾಗಲು ಎರಡು ತಿಂಗಳು ಹಿಡಿಯಿತು, ನರ ಹರಿಯಲಿಲ್ಲ. ನನ್ನ ಕೆಲಸದಲ್ಲಿ ನೆಮ್ಮದಿ ಕೊಟ್ಟ ಬೈಗುಳ ಅದೊಂದೇ.

ಪಾಲಯ್ಯನ ಹಟ್ಟಿಗೆ ಹೋಗಿ ಬಂದ ಮೇಲೂ ಮೊಳಕಾಲ್ಮೂರಿಗೆ ಹೋಗಲು ಆರು ತಿಂಗಳು ತಡ ಮಾಡಿದೆ. ಒಂದು ಭಾನುವಾರ ಬಸ್ಸು ಹತ್ತಿದೆ. ಮನೆ ಅದೇ. ಗೋಡೆಯ ಮೇಲೆ ನಾಗಭೂಷಣಪ್ಪನ ಪಟ, ಅದಕ್ಕೆ ಹಾರ. ತೀರಿಕೊಂಡು ಎರಡು ವರ್ಷವಾಗಿತ್ತು, ಉಬ್ಬಸದಿಂದ. ರತ್ನಮ್ಮ ಚಾಪೆ ಹಾಸಿ ನೀರು ಕೊಟ್ಟರು. ಅವರ ಪಾದಗಳು ಬಿರಿದು ಕಪ್ಪಾಗಿದ್ದವು. ಗಂಡ ಹೋದ ಮೇಲೂ ಚಪ್ಪಲಿ ಹಾಕಿರಲಿಲ್ಲ.

ಹೇಳಿದೆ. ಕಾಗದದ ವಿಷಯ, ಐದು ದಿನ ಹೆಚ್ಚಿಗೆ ಕಟ್ಟಿದ್ದು, ಆಮೇಲೆ ತಿಳಿದರೂ ಬಾಯಿ ಮುಚ್ಚಿಕೊಂಡದ್ದು. "ಹಿಂದಿನಿಂದ ಒದ್ದಂಗೆ ಅನ್ನಿಸೋದು ಆ ನರ ಹರಿದಾಗ ಎಲ್ಲರಿಗೂ ಆಗೋದೇ ಅಮ್ಮ. ಅಮಾವಾಸ್ಯೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅವತ್ತು ಮಲಗಿದ್ರೂ ನಾಳೆಯೋ ನಾಳಿದ್ದೋ ಹರೀತಿತ್ತು. ನಿಮ್ಮ ಮಾತಿಂದ ಆದದ್ದಲ್ಲ."

ರತ್ನಮ್ಮ ಅಳಲಿಲ್ಲ. ಸೆರಗಿನ ತುದಿಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಡಿಸುತ್ತಿದ್ದರು.

"ಆ ಮಾತ್ರೆ ಈಗಲೂ ಕೊಡ್ತೀರಾ ಸಾರ್?"

"ಕೊಡ್ತೀವಿ ಅಮ್ಮ. ಕೆಲವು ಕಾಯಿಲೆಗೆ ಅದಿಲ್ಲದೆ ಆಗಲ್ಲ. ಈಗ ಹೇಳಿ ಕೊಡ್ತೀವಿ."

ತಲೆಯಾಡಿಸಿದರು. ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು.

"ಅವರು ನನ್ನ ಬೈಲಿಲ್ಲ ಸಾರ್" ಎಂದರು ಕೊನೆಗೆ. "ಒಂದು ದಿನಾನೂ ಬೈಲಿಲ್ಲ. ಆದ್ರೆ ಅವತ್ತಿಂದ ನಾನು ಬಡಿಸಿದ್ರೆ ಉಣ್ಣಲಿಲ್ಲ. ತಾವೇ ಕಾಲೆಳ್ಕೊಂಡು ಹೋಗಿ ಹಾಕ್ಕೊಂಡು ಉಣ್ಣೋರು. ಕೊನೆ ದಿನವೂ ಪಕ್ಕದ ಮನೆಯವಳ ಕೈಲಿ ನೀರು ಕುಡಿದ್ರು. ಅವರಿದ್ದಾಗ ನೀವು ಬಂದು ಈ ಒಂದು ಮಾತು ಹೇಳಿದ್ರೆ, ನನ್ನ ಕೈಲಿ ಉಣ್ತಿದ್ರು."

ತಲೆ ತಗ್ಗಿಸಿ ಕೂತೆ. ಚಳ್ಳಕೆರೆ ಬಸ್ಸಿಗೆ ಹೊತ್ತಾಯಿತು, ಏಳ್ರಿ ಎಂದು ಕೊನೆಗೆ ಅವರೇ ಎಬ್ಬಿಸಿದರು.